ಆಗದ ತಂತಿ

ಮೇಡಂ ಅಯಸ್ಕಾಂತ ತೇಲಿಸಿದರು ಎಂದು ಇನ್ನೊಬ್ಬರು ನನ್ನೆದುರು ಹೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಹೋಗುವ ಮೊದಲು ಎರಡು ಮಾತು ಅಂದೇ ಹೋಗುತ್ತೇನೆ. ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದ್ದೆಲ್ಲ ಅದೇ. ಮುಗಿದ ಕೈಗಳ ಚಿಹ್ನೆ, ಅದರ ಕೆಳಗೆ ಬಿಳಿ ಹೊಗೆ ಏಳುವ ಬಟ್ಟಲು, ಬಟ್ಟಲಿನ ಮೇಲೆ ಗಾಳಿಯಲ್ಲಿ ನಿಂತ ಒಂದು ಪುಟ್ಟ ಅಯಸ್ಕಾಂತ. ವಿಜಯಪುರದ ಹೆಮ್ಮೆಯಂತೆ. ಅವರ ಜೊತೆ ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಮೈ ಬೆವರಿಸಿದವನು ನಾನು. ಮೇಡಂ ಜನ್ಮದಲ್ಲಿ ಏನನ್ನೂ ತೇಲಿಸಲಿಲ್ಲ. ಅವರು ತಂತಿ ಎಳೆದರು.

ಹೆಸರು ಬರೆಯುವುದಿಲ್ಲ. ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅದರ ಪಕ್ಕದಲ್ಲಿ ಸುಳ್ಳು ಅಂಟಿಸಿದ ಬ್ಯಾನರುಗಳು ಈಗಾಗಲೇ ಬೇಕಾದಷ್ಟಿವೆ. ನಮಗೆಲ್ಲ ಅವರು ಬರೀ ಮೇಡಂ. ಅರಕೇರಿಯ ದಲಿತ ಬೌದ್ಧ ಮನೆತನದವರು. ಕೂಲಿ ಮಾಡುತ್ತಿದ್ದ ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದ್ದ. ಅಕ್ಕ ಬಬಲೇಶ್ವರದ ಸಾಲಿಯಲ್ಲಿ ಟೀಚರು, ತಂಗಿ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರು. ನಾನು ಹೊನವಾಡದವನು, ಅದೇ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವನು. ಅವರಿಗೆ ಒಂದು ಕುಲುಮೆಯೂ ತಂತಿ ಎಳೆಯುವ ಯಂತ್ರವೂ ಬೇಕಾಗಿದ್ದವು, ನಮ್ಮ ವರ್ಕ್‌ಶಾಪಿನ ಹಿಂದಿನ ಖೋಲಿಯಲ್ಲಿ ಎರಡೂ ತುಕ್ಕು ಹಿಡಿದು ಕೂತಿದ್ದವು. ಅವುಗಳ ಜೊತೆ ನಾನೂ ಕೂತಿದ್ದೆ. ಹೀಗೆ ನಮ್ಮ ಪರಿಚಯವಾಯಿತು.

ಎತ್ತರದ, ಬಡಕಲು ಹೆಂಗಸು. ನಡೆಯುವಾಗ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ತಪ್ಪುತ್ತದೆ ಎನ್ನುವ ಹಾಗೆ ನಡೆಯುವರು. ದನಿ ಮಾತ್ರ ಸಣ್ಣದು. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗರಿಗೆ ಕೇಳುತ್ತಿರಲಿಲ್ಲ. ಕೇಳದವರು ಮುಂದೆ ಬಂದು ಕೂಡಲಿ ಎನ್ನುವುದು ಅವರ ಲೆಕ್ಕ. ಈ ಸಣ್ಣ ದನಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ತಂತಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಮನೆಯ ತಂತಿಯಲ್ಲಿ ಕರೆಂಟು ಹರಿದರೆ ತಂತಿ ಬೆಚ್ಚಗಾಗುತ್ತದೆ. ಆ ಬಿಸಿಯೆಲ್ಲ ನಷ್ಟ. ಕೆಲವು ವಸ್ತುಗಳನ್ನು ವಿಪರೀತ ತಣ್ಣಗೆ ಮಾಡಿದರೆ ಈ ನಷ್ಟ ಪೂರ್ತಿ ನಿಂತುಬಿಡುತ್ತದೆ. ಅವಕ್ಕೆ ಸೂಪರ್‌ಕಂಡಕ್ಟರ್ ಅನ್ನುತ್ತಾರೆ. ಮೇಡಂ ಹಿಡಿದದ್ದು ಮೆಗ್ನೀಸಿಯಂ ಮತ್ತು ಬೋರಾನ್ ಕೂಡಿ ಆಗುವ ಅಂಥದೊಂದು ವಸ್ತುವನ್ನು. ಅದು ಗಡಸು, ಮುರುಕು. ತಾನಾಗಿ ತಂತಿಯಾಗುವ ಜಾತಿಯದಲ್ಲ. ಲೋಹದ ಕೊಳವೆಯ ನಡುವೆ ಮೆಗ್ನೀಸಿಯಂ ಕಡ್ಡಿ ಇಟ್ಟು, ಸುತ್ತ ಬೋರಾನ್ ಪುಡಿ ತುಂಬಿ, ಆ ಕೊಳವೆಯನ್ನೇ ಅಚ್ಚಿನ ತೂತಿನಲ್ಲಿ ತೂರಿಸಿ ಎಳೆಯಬೇಕು. ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ತಂತಿಯಾದ ಮೇಲೆ ಕುಲುಮೆಯಲ್ಲಿಟ್ಟು ಕಾಯಿಸಿದರೆ ಒಳಗಿನ ಎರಡೂ ಕೂಡಿ ನಮಗೆ ಬೇಕಾದ ವಸ್ತುವಾಗುತ್ತವೆ.

ಈ ಕೊಳವೆಯನ್ನು ಜಗತ್ತಿನಲ್ಲಿ ಹೆಚ್ಚಿನವರು ತಾಮ್ರದ್ದೋ ನಿಕ್ಕಲ್ಲಿನದೋ ಮಾಡುತ್ತಾರೆ. ಮೇಡಂಗೆ ಅಲ್ಯುಮಿನಿಯಂ ಆಗಬೇಕಿತ್ತು, ಹಗುರ ಎಂದು. ಎತ್ತರದ ಕಂಬದ ಮೇಲೆ ತಿರುಗುವ ಗಾಳಿಯಂತ್ರಕ್ಕೆ, ವಿಮಾನಕ್ಕೆ ಭಾರದ ತಂತಿ ಹೊರಿಸಿ ಏನು ಉಪಯೋಗ ಎಂದು ಕೇಳುವರು. ತೊಂದರೆ ಏನೆಂದರೆ ಒಳಗಿನ ಪುಡಿ ಕೂಡುವ ಕಾವಿಗೂ ಹೊರಗಿನ ಅಲ್ಯುಮಿನಿಯಂ ಕರಗುವ ಕಾವಿಗೂ ನಡುವೆ ಇರುವ ಜಾಗ ಬಹಳ ಕಡಿಮೆ. ಕುಲುಮೆ ಒಂಚೂರು ಮೇಲೆ ಹೋದರೆ ತಂತಿಯೇ ಇಲ್ಲ, ತಟ್ಟೆಯ ಮೇಲೆ ಬೂದು ಬಣ್ಣದ ಗುಡ್ಡೆ. ಒಂಚೂರು ಕೆಳಗೆ ನಿಂತರೆ ಒಳಗೆ ಬರೀ ಹಸಿ ಪುಡಿ. ನಮ್ಮ ಕುಲುಮೆಯ ಕಾವು ಊರಿನ ಕರೆಂಟಿನ ಜೊತೆ ಏರಿಳಿಯುತ್ತಿತ್ತು. ಎಷ್ಟು ಗುಡ್ಡೆಗಳನ್ನು ಕೆರೆದು ತೆಗೆದೆವೋ ದೇವರಿಗೇ ಗೊತ್ತು. ಮೇಡಂ ಒಂದೊಂದನ್ನೂ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಇದ್ಯಾಕೆ ಎಂದರೆ, ಇವು ನಮ್ಮ ಮೇಷ್ಟ್ರು ಅನ್ನುವರು.

ತಣ್ಣಗೆ ಮಾಡಿ ನೋಡಲು ದ್ರವ ಸಾರಜನಕ ಬೇಕು. ನಮಗೆ ಅದು ಸಿಗುತ್ತಿದ್ದದ್ದು ತಿಕೋಟಾದ ದನದ ದವಾಖಾನೆಯಲ್ಲಿ. ಹೋರಿಯ ವೀರ್ಯ ಕೆಡದಂತೆ ಇಡುತ್ತಾರಲ್ಲ, ಅದೇ ಕ್ಯಾನು. ಅಲ್ಲಿನ ಡಾಕ್ಟರು ಒಳ್ಳೆಯವರು, ಉಳಿದದ್ದನ್ನು ಕೊಡುತ್ತಿದ್ದರು. ಆ ತಂಪಿಗೆ ನಮ್ಮ ತಂತಿ ಸೂಪರ್‌ಕಂಡಕ್ಟರ್ ಆಗುವುದಿಲ್ಲ, ಅದಕ್ಕೆ ಅದರಪ್ಪನಂಥ ತಂಪು ಬೇಕು. ಅದು ನಮ್ಮ ಊರಿನಲ್ಲಿ ಎಲ್ಲಿಯೂ ಇಲ್ಲ. ಆದರೆ ಹೊರಗಿನ ಅಲ್ಯುಮಿನಿಯಂ ಕವಚ ಸೀಳುತ್ತದೆಯೋ, ಅಳೆಯಲು ಹಾಕಿದ ಬೆಸುಗೆ ಹಿಡಿಯುತ್ತದೆಯೋ ನೋಡಲಿಕ್ಕೆ ಅಷ್ಟು ಸಾಕು. ನನ್ನ ಬೈಕಿನ ಹಿಂದೆ ಮೇಡಂ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುವರು. ಒಮ್ಮೆ ತಿಕೋಟಾದಲ್ಲಿ ಚಹಾ ಕುಡಿಯಲು ನಿಂತಾಗ ದ್ರಾಕ್ಷಿ ತೋಟದ ಒಬ್ಬ ಮುದುಕ ಕ್ಯಾನಿನ ಬಾಯಿಯಿಂದ ಏಳುವ ಹೊಗೆ ನೋಡಿ ಒಳಗೇನಿದೆ ಎಂದು ಕೇಳಿದ. ಥಂಡಿ ಐತ್ರಿ ಅಂದರು ಮೇಡಂ. ಥಂಡಿ ಒಯ್ದು ಏನು ಮಾಡುತ್ತೀರಿ ಎಂದ. ಕರೆಂಟು ಬಿಡುತ್ತೇವೆ ಅಂದರು. ಮುದುಕ ನನ್ನ ಕಡೆ ಬಾಗಿ ಮೆಲ್ಲಗೆ, ಅಕ್ಕಾರಿಗೆ ಆರಾಮ ಇಲ್ಲೇನ್ರಿ ಎಂದು ವಿಚಾರಿಸಿದ. ವಿಜಯಪುರ ಮುಟ್ಟುವವರೆಗೂ ಮೇಡಂ ಬೈಕಿನ ಹಿಂದೆ ನಗುತ್ತಲೇ ಇದ್ದರು.

ಅವರು ಹಾಗೆ ನಕ್ಕದ್ದನ್ನು ಆಮೇಲೆ ಬಹಳ ಸಲ ನೋಡಲಿಲ್ಲ. ಕಾರಣ ಒಂದು ಮಾತು. ನಮ್ಮ ಕಡೆಯ ದರಿದ್ರ ಮಾತು, ‘ಆತು’.

ನಮ್ಮ ಸೀಮೆಯಲ್ಲಿ ಈ ಮಾತಿಲ್ಲದೆ ಯಾವುದೂ ನಡೆಯುವುದಿಲ್ಲ. ನಾಳೆ ಬರುತ್ತೀರಾ ಎಂದರೆ ಆತ್ರಿ. ಚಹಾ ತರಲಾ ಎಂದರೆ ಆತ್ರಿ. ಊಟ ಮುಗಿಯಿತಾ ಎಂದರೂ ಆತ್ರಿ. ಒಪ್ಪಿಗೆಗೂ ಅದೇ, ಮುಗಿದದ್ದಕ್ಕೂ ಅದೇ, ಕೇಳಿದವನನ್ನು ಸಾಗಹಾಕಲಿಕ್ಕೂ ಅದೇ. ಹುಟ್ಟಿದಾಗಿನಿಂದ ಆಡುವ ಮಾತಾದ್ದರಿಂದ ಯಾವುದು ಯಾವ ‘ಆತು’ ಎಂದು ನಮಗೆ ತಿಳಿಯುತ್ತದೆ ಎಂದೇ ಎಲ್ಲರೂ ನಂಬಿದ್ದೇವೆ.

ಒಂದು ಮಧ್ಯಾಹ್ನ ತಂತಿ ಕೊನೆಯ ಅಚ್ಚಿನಿಂದ ಇಡಿಯಾಗಿ ಹೊರಗೆ ಬಂತು. ಅಲ್ಲಿಯವರೆಗೆ ಪ್ರತಿ ಸಲ ಎಲ್ಲಾದರೂ ಒಂದು ಕಡೆ ತುಂಡಾಗುತ್ತಿತ್ತು, ಆ ತುಂಡುಗಳನ್ನೇ ಕಾಯಿಸಿ ನೋಡುತ್ತಿದ್ದೆವು. ಆ ದಿನ ತುಂಡಾಗಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಉದ್ದಕ್ಕೂ ಜಾರಿಸುತ್ತ ಹೋದರು, ಎಲ್ಲಿಯೂ ಗಂಟಿಲ್ಲ, ತಗ್ಗಿಲ್ಲ. ಕೈಗೆಲ್ಲ ಎಣ್ಣೆ, ಮುಖದ ತುಂಬ ಖುಷಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಪ್ರಾಚಾರ್ಯರು ವರ್ಕ್‌ಶಾಪಿನ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಪ್ಯಾಂಟಿಗೆ ಎಣ್ಣೆ ಹತ್ತೀತೆಂದು ದೂರದಿಂದಲೇ ಕೇಳಿದರು: “ಏನ್ರಿ ಮೇಡಂ, ತಂತಿ ಆತೇನ್ರಿ?”

“ಆತ್ರಿ ಸರ್,” ಅಂದರು ಮೇಡಂ.

ಇಷ್ಟೇ ನಡೆದದ್ದು. ತಂತಿ ಎಳೆಯುವುದು ಆಯಿತು ಎಂದು ಅವರು ಹೇಳಿದ್ದು. ಅದನ್ನಿನ್ನೂ ಕುಲುಮೆಯಲ್ಲಿ ಕಾಯಿಸಿರಲಿಲ್ಲ. ಅದರೊಳಗೆ ಸೂಪರ್‌ಕಂಡಕ್ಟರ್ ಎನ್ನುವ ವಸ್ತುವೇ ಇನ್ನೂ ಹುಟ್ಟಿರಲಿಲ್ಲ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಕಾಲೇಜು ನಷ್ಟವಿಲ್ಲದೆ ವಿದ್ಯುತ್ ಹರಿಸುವ ಹಗುರ ತಂತಿಯನ್ನು ಕಂಡುಹಿಡಿದಿತ್ತು. ಬೆಳಿಗ್ಗೆ ಹೊನವಾಡದ ಬಸ್ಸಿನಲ್ಲಿ ಕಂಡಕ್ಟರು ನನಗೆ ಅಭಿನಂದನೆ ಹೇಳಿದ.

ಮೇಡಂ ನೇರ ಪ್ರಾಚಾರ್ಯರ ಕೋಣೆಗೆ ಹೋದರು, ಹಿಂದೆ ನಾನೂ ಹೋದೆ. ತಪ್ಪು ಸುದ್ದಿ, ತಿದ್ದಿಸಬೇಕು ಎಂದರು. ಪ್ರಾಚಾರ್ಯರಿಗೆ ಆಶ್ಚರ್ಯ. ಆತು ಎಂದವರು ನೀವೇ ಅಲ್ಲವೇ ಎಂದು ಕೇಳಿದರು. ಎಳೆಯುವುದು ಆತು ಎಂದೆ, ತಂತಿ ಆತು ಎನ್ನಲಿಲ್ಲ ಎಂದು ಮೇಡಂ ವಿವರಿಸಿದರು. ಪ್ರಾಚಾರ್ಯರು ನಕ್ಕರು.

“ಎರಡೂ ಒಂದಽ ಅಲ್ರಿ ಮೇಡಂ? ಇವತ್ತ ಎಳದೀರಿ, ನಾಳೆ ಕಾಯಸ್ತೀರಿ. ಪೇಪರ್‌ನವರು ಒಂದ ದಿನ ಮೊದಲ ಬರದಾರ, ಅಷ್ಟಽ.”

ಒಂದು ದಿನವಂತೆ! ಆ ಮನುಷ್ಯನೂ ಒಂದು ಕಾಲಕ್ಕೆ ವಿಜ್ಞಾನ ಓದಿದವನೇ. ತಿಳಿಯದೆ ಅಂದಿದ್ದರೆ ನಾನು ಕ್ಷಮಿಸುತ್ತಿದ್ದೆ. ಹೊರಗೆ ಬಂದ ಮೇಲೆ ಮೇಡಂ ಬೇವಿನ ಗಿಡದ ಕೆಳಗೆ ನಿಂತರು. ಅವರು ಜಾತಿಯ ಮಾತೆತ್ತಿದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

“ತಮ್ಮಾ, ಬ್ಯಾರೇದವ್ರು ತಪ್ಪಿದ್ರ ತಪ್ಪಿದಾ ಅಂತಾರ. ನಾ ತಪ್ಪಿದ್ರ ಇವರ ಮಂದಿನಽ ಹಿಂಗ ಅಂತಾರ. ನಾಳೆ ಯಾರರೆ ಅಳದ ನೋಡಿ ಸುಳ್ಳ ಅಂದ್ರ, ಸುಳ್ಳ ಹೇಳಿದಾಕಿ ನಾನಽ ಆಗ್ತೀನಿ. ಸುದ್ದ್ಯಾಗ ನನ್ನ ಹೆಸರೈತಿ, ಪ್ರಾಚಾರ್ಯರದು ಎಲ್ಲೈತಿ?”

ಅಂದಿನಿಂದ ನಮ್ಮ ಖೋಲಿಯಲ್ಲಿ ‘ಆತು’ ಎನ್ನುವುದಕ್ಕೆ ನಿಷೇಧ. ವಿದ್ಯಾರ್ಥಿಗಳು ಎಳೆದೀನ್ರಿ, ಕಾಯಿಸೀನ್ರಿ, ಅಳೆದೀನ್ರಿ ಎಂದು ಬಿಡಿಸಿ ಹೇಳಬೇಕು. ನಾಲಿಗೆ ತಪ್ಪಿ ಆತ್ರಿ ಎಂದವರು ಮಾಡಿದ್ದನ್ನೆಲ್ಲ ಮೊದಲಿನಿಂದ ಒಪ್ಪಿಸಬೇಕು. ಇದು ಖೋಲಿಯ ಹೊರಗೂ ಹಬ್ಬಿತು. ಬ್ಲೌಸು ಆತ್ರಿ ಎಂದ ದರ್ಜಿಗೆ, ಕತ್ತರಿಸುವುದು ಆಯಿತೋ ಹೊಲಿಯುವುದು ಆಯಿತೋ ಎಂದು ಕೇಳಿ ನಿಂತದ್ದನ್ನು ನಾನೇ ನೋಡಿದ್ದೇನೆ. ಪಾಪ, ಅವನು ಇನ್ನೂ ಅಳತೆಯನ್ನೇ ಹುಡುಕುತ್ತಿದ್ದ. ಸ್ಟಾಫ್ ರೂಮಿನಲ್ಲಿ ಅವರ ಬೆನ್ನ ಹಿಂದೆ ಇದನ್ನು ಆಡಿಕೊಂಡು ನಗುತ್ತಿದ್ದರು. ಅವರು ಬಂದರೆ ಬೇಕಂತಲೇ ಒಬ್ಬರಿಗೊಬ್ಬರು ಆತ್ರಿ ಆತ್ರಿ ಎನ್ನುವರು. ಓದಿದ ಮಂದಿಯ ಚೇಷ್ಟೆ ಇಷ್ಟು ಕೀಳು ಇರುತ್ತದೆ.

ಆಮೇಲೆ ಬಂತು ಆ ತೇಲುವ ಅಯಸ್ಕಾಂತ. ದೊಡ್ಡವರೊಬ್ಬರು ಕಾಲೇಜಿಗೆ ಬರುವವರಿದ್ದರು. ಅವರಿಗೆ ತಂತಿ ತೋರಿಸಿದರೆ ಏನು ಕಾಣುತ್ತದೆ? ಬೂದು ಬಣ್ಣದ ಒಂದು ಎಳೆ. ನೋಡಿದವರಿಗೆ ಹೌದೆನ್ನಿಸುವ ಹಾಗೆ ಏನಾದರೂ ಬೇಕೆಂದು ಪ್ರಾಚಾರ್ಯರು ಪೇಟೆಯಿಂದ ಒಂದು ಕರಿ ಬಿಲ್ಲೆ ತರಿಸಿದರು. ಅದು ಬೇರೆಯೇ ಜಾತಿಯ ಸೂಪರ್‌ಕಂಡಕ್ಟರ್, ಶಾಲೆಯ ಮಕ್ಕಳಿಗೆ ತೋರಿಸಲೆಂದೇ ಮಾರುವಂಥದು. ದನದ ದವಾಖಾನೆಯ ಸಾರಜನಕ ಸುರಿದರೆ ಸಾಕು, ಅದರ ಮೇಲೆ ಅಯಸ್ಕಾಂತ ತೇಲುತ್ತದೆ. ನೋಡಲು ಚೆಂದ, ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇದ್ದದ್ದು ಅದರ ಪಕ್ಕ ಇಟ್ಟ ಫಲಕದಲ್ಲಿ. ಮೇಡಂ ಹೆಸರು, ಅದರ ಕೆಳಗೆ ‘ನಮ್ಮ ಕಾಲೇಜಿನ ಹಗುರ ಸೂಪರ್‌ಕಂಡಕ್ಟರ್’.

ಸಭಾಂಗಣ ತುಂಬಿತ್ತು. ಹೊಗೆ ಎದ್ದಿತು, ಅಯಸ್ಕಾಂತ ತೇಲಿತು, ದೊಡ್ಡವರು ಬೆರಳಿನಿಂದ ಅದನ್ನು ಗಿರ್ರನೆ ತಿರುಗಿಸಿದರು, ಚಪ್ಪಾಳೆ ಬಿತ್ತು. ಮೇಡಂ ಮುಂದಿನ ಸಾಲಿನಿಂದ ಎದ್ದು ಮೇಜಿನ ಹತ್ತಿರ ಹೋದರು. ಮೈಕು ಅಲ್ಲಿಯೇ ಇತ್ತು, ಹಿಡಿಯಲಿಲ್ಲ.

“ಇದು ನಮ್ಮ ತಂತಿ ಅಲ್ರಿ,” ಅಂದರು. “ಪ್ಯಾಟ್ಯಾಗಿಂದ ತಂದದ್ದು. ನಮ್ಮ ತಂತಿ ಇನ್ನಾ ಆಗಿಲ್ಲ.”

ಅದೇ ಸಣ್ಣ ದನಿ. ಮೊದಲ ಎರಡು ಸಾಲಿಗೆ ಕೇಳಿತು, ಅಷ್ಟೇ. ದೊಡ್ಡವರು ಎರಡೂ ಕೈ ಜೋಡಿಸಿ ಸಭೆಯ ಕಡೆ ತಿರುಗಿದರು. ನೋಡಿ, ಇಷ್ಟು ದೊಡ್ಡ ಸಾಧನೆ ಮಾಡಿಯೂ ತನ್ನದಲ್ಲ ಎನ್ನುತ್ತಾರೆ, ನಮ್ರತೆ ಎಂದರೆ ಇದು, ಹಳ್ಳಿಯಿಂದ ಬಂದ ಹೆಣ್ಣುಮಗಳ ಸಂಸ್ಕಾರ ಇದು ಎಂದರು. ಮತ್ತೆ ಚಪ್ಪಾಳೆ. ಮೊದಲಿನದಕ್ಕಿಂತ ಜೋರು.

ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ಮುಚ್ಚು ಬಾಯಿ ಎಂದು ಗದರಿದ್ದರೆ ಜನಕ್ಕೆ ಅನುಮಾನವಾದರೂ ಬರುತ್ತಿತ್ತು. ಇವರು ಆಕೆಯ ನಿಜವನ್ನು ಗುಣ ಮಾಡಿ ಹೊಗಳಿ ಅಲ್ಲಿಯೇ ಮುಗಿಸಿಬಿಟ್ಟರು. ಇನ್ನು ಆಕೆ ಎಷ್ಟು ಸಲ ಆಗಿಲ್ಲ ಎಂದರೂ ಅಷ್ಟು ಸಲ ನಮ್ರತೆ ಹೆಚ್ಚುತ್ತದೆ. ಆ ದಿನ ಖೋಲಿಗೆ ಬಂದು ಆಕೆಯ ಮೇಲೆಯೇ ಹರಿಹಾಯ್ದೆ. ಮೈಕು ಯಾಕೆ ಹಿಡಿಯಲಿಲ್ಲ, ಬಟ್ಟಲು ಯಾಕೆ ಉರುಳಿಸಲಿಲ್ಲ ಎಂದೆ. ಮೇಡಂ ಅಚ್ಚುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತ, ನಿಜವನ್ನು ಒದರಿ ಹೇಳಿದರೆ ಹೆಚ್ಚು ನಿಜ ಆಗುತ್ತದೇನೋ ತಮ್ಮಾ ಎಂದರು. ಆಗುವುದಿಲ್ಲ ಮೇಡಂ. ಆದರೆ ಹಿಂದಿನ ಬೆಂಚಿಗೆ ಕೇಳುತ್ತದೆ. ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ.

ಕೆಲಸ ಮಾತ್ರ ಬಿಡಲಿಲ್ಲ. ಕೊನೆಗೂ ಗುಡ್ಡೆಯಾಗದೆ ಕಾದು ಬಂದ ತಂತಿಯ ನೇರ ತುಂಡುಗಳನ್ನು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ಕೆಲಸ ಮಾಡುವ ಹೊರ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಒಯ್ದು ಅಳೆದಳು. ನೇರ ತುಂಡುಗಳು ಕರೆಂಟು ಹೊತ್ತವು, ಒಂದಿಷ್ಟೂ ನಷ್ಟವಿಲ್ಲದೆ. ಆ ದಿನ ಮೇಡಂ ಖೋಲಿಗೆ ಶೇಂಗಾ ಹೋಳಿಗೆ ತಂದಿದ್ದರು. ಆದರೆ ನೇರ ತುಂಡು ಯಾರಿಗೆ ಬೇಕು? ಯಂತ್ರದಲ್ಲಿ ಹಾಕಬೇಕೆಂದರೆ ತಂತಿಯನ್ನು ಸುರುಳಿ ಸುತ್ತಬೇಕು. ಒಂದು ಸುರುಳಿ ಸುತ್ತಿ ಕಳಿಸಿದೆವು. ಅದು ಸೋತಿತು. ಕರೆಂಟು ಏರಿಸುವ ಮೊದಲೇ ಕೈಬಿಟ್ಟಿತು.

ಫೋನಿನಲ್ಲಿ ಈ ಸುದ್ದಿ ಕೇಳಿ ನನ್ನ ಮುಖ ಇಳಿಯಿತು. ಮೇಡಂ ಮಾತ್ರ ಆಗಲೇ ಅದರ ಜೊತೆಗೇ ಸುತ್ತಿ ಇಟ್ಟುಕೊಂಡಿದ್ದ ಇನ್ನೊಂದು ಸುರುಳಿಯಿಂದ ಒಂದು ತುಂಡು ಕತ್ತರಿಸಿ ಉಜ್ಜಲು ಕೂತಿದ್ದರು. ನುಣುಪಾದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದರು. ಹೊರಗಿನ ಅಲ್ಯುಮಿನಿಯಂ ಮಿರಮಿರ ಎನ್ನುತ್ತಿತ್ತು, ಒಂದು ಗೀರಿಲ್ಲ. ಒಳಗೆ, ಬಾಗಿದ ಹೊರಮೈಯ ಕಡೆ, ಅಡ್ಡಡ್ಡ ಬಿರುಕು.

“ನೋಡು, ಇಲ್ಲೈತಿ,” ಎಂದರು, ಕಳೆದುಹೋದ ಕೀಲಿ ಸಿಕ್ಕವರ ಹಾಗೆ. “ಒಳಗಿನ ಎಳಿ ದಪ್ಪ ಆಗೇತಿ, ಬಾಗಿಸಿದ ಕೂಡ್ಲೆ ಒಡೀತೈತಿ. ಒಂದ ದಪ್ಪನ್ನ ಎಳಿ ಬದಲಿ ಭಾಳಷ್ಟು ಸಣ್ಣ ಎಳಿ ಹಾಕೂಣು. ಸಣ್ಣ ಇದ್ದದ್ದು ಬಾಗತೈತಿ.”

ಸೋಲು ಆಕೆಗೆ ಹೀಗೆ ಕಾಣುತ್ತಿತ್ತು. ಇಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಾದದ್ದು, ನಾಳೆ ಮಾಡಲು ಕೆಲಸ ಕೊಡುವಂಥದ್ದು. ತೆಳು ಕೊಳವೆಗಳನ್ನು ಒಟ್ಟು ಕಟ್ಟಿ ಒಂದೇ ದೊಡ್ಡ ಕೊಳವೆಯಲ್ಲಿ ತುಂಬಿ ಮತ್ತೆ ಎಳೆಯಬೇಕು. ಕಷ್ಟದ ಕೆಲಸ, ಆದರೆ ನಮ್ಮ ಹಳೇ ಯಂತ್ರದಲ್ಲಿ ಆಗುವಂಥದ್ದೇ. ಒಬ್ಬ ವಿದ್ಯಾರ್ಥಿಯನ್ನು ಕೊಡಿ, ಖೋಲಿಯಲ್ಲಿ ಇನ್ನಷ್ಟು ಹೊತ್ತು ಇರಲು ಬಿಡಿ ಎಂದು ಮೇಡಂ ಪ್ರಾಚಾರ್ಯರ ಬಳಿ ಹೋದರು. ಅಲ್ಲಿ ಸಿಕ್ಕ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ಆಗಿದ್ದನ್ನ ಮತ್ತ ಯಾಕ ಮಾಡ್ತೀರಿ ಮೇಡಂ?”

ಆಗಿಲ್ಲ ಎಂದರೆ ಪತ್ರಿಕೆಯ ಸುದ್ದಿ ಸುಳ್ಳಾಗುತ್ತದೆ, ದೊಡ್ಡವರ ಭಾಷಣ ಸುಳ್ಳಾಗುತ್ತದೆ, ಕಾಲೇಜಿನ ಬಾಗಿಲಲ್ಲಿ ತೂಗುಹಾಕಿದ ಬ್ಯಾನರು ಸುಳ್ಳಾಗುತ್ತದೆ. ಆಗಿದೆ ಎಂದರೆ ಕೆಲಸಕ್ಕೆ ಕಾರಣವೇ ಇಲ್ಲ. ಆಕೆಗೆ ಮೊದಲ ವರ್ಷದವರ ಕ್ಲಾಸುಗಳನ್ನು ದುಪ್ಪಟ್ಟು ಹಾಕಿದರು. ಖೋಲಿಯ ಕೀಲಿ ಆಫೀಸಿಗೆ ಹೋಯಿತು. ಕೇಳಿದಾಗಲೆಲ್ಲ ಕೊಡುತ್ತೇವೆ ಎಂದರು. ಕೇಳಿದಾಗಲೆಲ್ಲ ಕೀಲಿ ಇಟ್ಟವನು ರಜೆಯಲ್ಲಿ ಇರುತ್ತಿದ್ದ. ಯಾರೂ ಬೈಯಲಿಲ್ಲ, ಯಾರೂ ನೋಟಿಸು ಕೊಡಲಿಲ್ಲ. ಹೊಗಳಿಕೆಯ ನಡುವೆಯೇ ಆಕೆಯನ್ನು ಆ ಖೋಲಿಯಿಂದ ಹೊರಗೆ ಹಾಕಿದರು. ನಿವೃತ್ತಿಯ ದಿನ ಶಾಲು ಹೊದಿಸಿದರು. ಶಾಲನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ಸಣ್ಣ ಎಳೆಯ ತಂತಿಯನ್ನು ಮರೆಯಬೇಡ ತಮ್ಮಾ ಎಂದಷ್ಟೇ ಹೇಳಿ ಬಬಲೇಶ್ವರದ ಬಸ್ಸು ಹತ್ತಿದರು. ಆಮೇಲೆ ಅಕ್ಕನ ಮನೆಯಲ್ಲೇ ಇದ್ದರು. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಕೀಲಿ ಸಿಕ್ಕಿತೇ ಎಂಬುದು. ಹೋದ ತಿಂಗಳು ಎದೆನೋವು ಬಂದು ಹೋಗಿಬಿಟ್ಟರು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಅಕ್ಕ ಬಿಳಿ ಸೀರೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮನೆಯಿಂದ ತಾವೇ ತಂದ ಮೇಡಂ ಫೋಟೋವನ್ನು ಮೇಜಿನ ಮೇಲಿಟ್ಟು ಮೇಣದಬತ್ತಿ ಹಚ್ಚಿ ಬುದ್ಧವಂದನೆ ಹೇಳಿದ್ದರು. ಆಮೇಲೆ ಭಾಷಣಗಳು ಶುರುವಾದವು. ಅಯಸ್ಕಾಂತ, ಹೆಮ್ಮೆ, ನಮ್ರತೆ. ಕೊನೆಗೆ ಎದ್ದ ಪ್ರಾಚಾರ್ಯರು ಒಂದು ಘೋಷಣೆ ಮಾಡಿದರು. ವರ್ಕ್‌ಶಾಪಿನ ಹಿಂದಿನ ಖೋಲಿಯನ್ನು ಖಾಲಿ ಮಾಡಿ, ಹಳೇ ಯಂತ್ರಗಳನ್ನು ವಿಲೇವಾರಿ ಮಾಡಿ, ಅಲ್ಲಿ ಮೇಡಂ ಸ್ಮರಣೆಯ ಗ್ಯಾಲರಿ ಕಟ್ಟುತ್ತಾರಂತೆ. ಗಾಜಿನ ಪೆಟ್ಟಿಗೆಯಲ್ಲಿ ತಂತಿಯ ಸುರುಳಿ, ಪಕ್ಕದಲ್ಲಿ ತೇಲುವ ಅಯಸ್ಕಾಂತ, ಗೋಡೆಯ ಮೇಲೆ ಈಗ ಅಕ್ಕಾವರು ತಂದಿರುವ ಇದೇ ಫೋಟೋ.

ನನ್ನ ಸರದಿ ಬಂದಾಗ ಬರೆದುಕೊಂಡು ಹೋದದ್ದನ್ನು ಓದಲಿಲ್ಲ. ಮೈಕು ಹಿಡಿದು ಹಿಂದಿನ ಬೆಂಚಿಗೆ ಕೇಳುವ ಹಾಗೆ ಹೇಳಿದೆ: ಆ ಸುರುಳಿ ಸೋತ ಸುರುಳಿ. ಅದರಲ್ಲಿ ಕರೆಂಟು ಹರಿಯಲಿಲ್ಲ. ಆ ಅಯಸ್ಕಾಂತಕ್ಕೂ ಮೇಡಂಗೂ ಯಾವ ಸಂಬಂಧವೂ ಇಲ್ಲ. ಸುರುಳಿ ಎಲ್ಲಿ ಒಡೆಯಿತು, ಮುಂದೆ ಏನು ಮಾಡಬೇಕು ಎಂದು ಅವರು ಹೇಳಿದ್ದರು, ನೀವು ಕೀಲಿ ಕೊಡಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು. ಇದು ಇಂಥ ಮಾತಾಡುವ ಹೊತ್ತಲ್ಲ ಎಂದು ಯಾರೋ ಅಂದರು.

ಅಕ್ಕ ಎದ್ದು ನಿಂತರು. ತಂಗಿಗಿಂತ ಗಿಡ್ಡ, ದನಿ ಮಾತ್ರ ಸಾಲಿಯ ಟೀಚರದು. ಅವರ ಕಣ್ಣು ನನ್ನ ಮೇಲಿತ್ತು.

“ಏನ್ರಿ ಸರ್, ಸತ್ತ ಮ್ಯಾಲೂ ನನ್ನ ತಂಗೀನ ಸೋಲಸಾಕತ್ತೀರೇನು? ನಾಕ ಮಂದಿ ಛಲೋ ಅನ್ನಾಕತ್ತಾರ, ಅದೂ ಬ್ಯಾಡೇನು ಆಕಿಗೆ?”

ಮಂದಿಯ ಮೇಲಿನ ಸಿಟ್ಟಿನಲ್ಲಿ ಈಕೆಯ ವಿಚಾರವೇ ನನ್ನ ತಲೆಗೆ ಬಂದಿರಲಿಲ್ಲ. ಆ ಬಿಳಿ ಸೀರೆಯ ಮುಂದೆ ನಿಂತು, ನಾನು ಹೇಳಿದ್ದಲ್ಲ ಅಕ್ಕಾರ, ಅವರೇ ಹೇಳಿದ್ದು ಎಂದೆ. ಆಗಿಲ್ಲ ಎಂದು ಇಲ್ಲಿಯೇ, ಈ ಮೇಜಿನ ಹತ್ತಿರವೇ ನಿಂತು ಹೇಳಿದರು, ಯಾರೂ ಕೇಳಲಿಲ್ಲ ಎಂದೆ. ಸಣ್ಣ ಎಳೆಗಳ ತಂತಿಯ ಮಾತನ್ನೂ ಹೇಳಿದೆ. ಸಭೆಯಲ್ಲಿ ಹೇಳುವಂಥದ್ದಲ್ಲ, ಆದರೂ ಪುಡಿ, ಕೊಳವೆ, ಬಿರುಕು ಎಲ್ಲವನ್ನೂ ಆಕೆಯೊಬ್ಬಳಿಗೇ ಹೇಳುವವನಂತೆ ಹೇಳಿದೆ. ಅಕ್ಕ ನಿಂತುಕೊಂಡೇ ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ ನನ್ನನ್ನು ಬಿಟ್ಟು ಪ್ರಾಚಾರ್ಯರ ಕಡೆ ತಿರುಗಿದರು.

“ಹಂಗಾರ ಆಕೀ ಕೆಲಸ ಇನ್ನಾ ಉಳದೈತೆಲ್ರಿ. ಮತ್ತ ಖೋಲಿ ಯಾಕ ಖಾಲಿ ಮಾಡಾಕತ್ತೀರಿ?”

ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸಿದರು. ಆಡಳಿತ ಮಂಡಳಿ ತೀರ್ಮಾನ ಮಾಡಿದೆ, ಗ್ಯಾಲರಿಯಾದರೆ ನಿಮ್ಮ ತಂಗಿಯ ಹೆಸರು ಶಾಶ್ವತವಾಗಿ ಉಳಿಯುತ್ತದೆ, ಆ ವಿಚಾರ ಆಮೇಲೆ ನೋಡೋಣ ಎಂದು ಏನೇನೋ ಹೇಳಿದರು. ಅಕ್ಕ ಮೇಜಿನ ಹತ್ತಿರ ಹೋಗಿ ಬಾಗಿ ಮೇಣದಬತ್ತಿಯನ್ನು ಪಕ್ಕಕ್ಕೆ ಸರಿಸಿದರು. ಕಾಲೇಜಿನವರು ಹಾಕಿದ್ದ ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು. ಫೋಟೋವನ್ನು ಕಂಕುಳಲ್ಲಿ ಅವಚಿಕೊಂಡರು.

“ಇದನ್ನ ಇಲ್ಲಿ ಹಾಕೂದಿಲ್ರಿ,” ಎಂದರು. “ಆ ಖೋಲ್ಯಾಗ ಮತ್ತ ಒಲಿ ಹೊತ್ತಿದ ದಿನ ಹೇಳಿ ಕಳಸ್ರಿ, ನಾನಽ ತಂದು ಗ್ವಾಡಿಗೆ ಹಾಕ್ತೀನಿ.”

ಸಭೆಯ ನಡುವಿನ ದಾರಿಯಲ್ಲಿ ಬಾಗಿಲ ಕಡೆ ನಡೆದರು. ಎಲ್ಲರೂ ಎದ್ದು ನಿಂತರು, ಯಾಕೆ ಎದ್ದೆವೆಂದು ಅರ್ಧದಷ್ಟು ಮಂದಿಗೆ ಗೊತ್ತಿರಲಿಲ್ಲ. ನಾನು ಹಿಂದೆಯೇ ಓಡಿ ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದೆ. ಬೇಡ, ನೀವು ಇಲ್ಲೇ ಇರಿ, ಕೀಲಿ ಕೇಳಿರಿ ಎಂದು ಹೇಳಿ ಅವರು ಗೇಟು ದಾಟಿದರು.